ಕೊರುನ್ಯಾ: ಆರದ ದೀಪ ಮತ್ತು ಇಪ್ಪತ್ತೆರಡು ಮಕ್ಕಳ ಹಡಗು

ಯುರೋಪಿನ ಭೂಪಟವನ್ನು ಒಮ್ಮೆ ಬಿಡಿಸಿ ನೋಡಿ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ, ಪೋರ್ಚುಗಲ್‌ನ ನೆತ್ತಿಯ ಮೇಲೆ ಗಲೀಸಿಯಾ ಎಂಬ ಪ್ರಾಂತ್ಯವಿದೆ. ಅಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡ ಒಂದು ಪುಟ್ಟ ಪರ್ಯಾಯ ದ್ವೀಪದ ಮೇಲೆ ನಿಂತ ಬಂದರು ನಗರವೇ ಕೊರುನ್ಯಾ. ಒಂದು ಬದಿಗೆ ಬಂದರು, ಇನ್ನೊಂದು ಬದಿಗೆ ಅಲೆಗಳು ಅಪ್ಪಳಿಸುವ ಓರ್ಸಾನ್ ಮತ್ತು ರಿಯಾಸೋರ್ ಕಡಲತೀರಗಳು. ನಡುವಿನ ನೆಲ ಎಷ್ಟು ಕಿರಿದೆಂದರೆ, ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಕೆಲವೇ ನಿಮಿಷಗಳ ನಡಿಗೆ.

ಪ್ರವಾಸಿಗರು ಊರನ್ನು ನೋಡುವುದು ಒಂದು ರೀತಿ, ಇತಿಹಾಸದ ವಿದ್ಯಾರ್ಥಿಗಳು ನೋಡುವುದು ಇನ್ನೊಂದು ರೀತಿ. ಬಂದರನ್ನು ಅರಿಯಲು ಎರಡು ಪ್ರಶ್ನೆ ಕೇಳಬೇಕು: ಇಲ್ಲಿಗೆ ಯಾರು ಬಂದರು? ಇಲ್ಲಿಂದ ಯಾರು ಹೋದರು? ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಕೊರುನ್ಯಾದಲ್ಲಿ ಒಂದು ಸುತ್ತು ಹಾಕೋಣ.

ಹರ್ಕ್ಯುಲೀಸ್ ಗೋಪುರ

ಮೊದಲು ಬಂದವರಲ್ಲಿ ರೋಮನ್ನರು ಮುಖ್ಯರು. ಸುಮಾರು ಕ್ರಿ.ಶ. 1ನೇ ಶತಮಾನದ ಕೊನೆ ಅಥವಾ 2ನೇ ಶತಮಾನದ ಆರಂಭದಲ್ಲಿ ಅವರು ಇಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ರಾತ್ರಿ ಹೊತ್ತು ಬೆಳಕು ಬೀರುತ್ತಿದೆ. ಈಗಲೂ ಬಳಕೆಯಲ್ಲಿರುವ ಏಕೈಕ ರೋಮನ್ ದೀಪಸ್ತಂಭ ಇದು. ಬುಡದ ಬಳಿ ಇರುವ ಶಾಸನದಲ್ಲಿ ಶಿಲ್ಪಿಯ ಹೆಸರಿದೆ: ಗಾಯಸ್ ಸೆವಿಯಸ್ ಲೂಪಸ್. ಇಂದಿನ ಪೋರ್ಚುಗಲ್‌ನ ಕೊಯಿಂಬ್ರಾ ಅವನ ಊರು.

ಗೋಪುರದ ಎತ್ತರ 55 ಮೀಟರ್. ಹೊರಗೆ ಕಾಣುವ ಕಲ್ಲಿನ ಹೊದಿಕೆ ರೋಮನ್ನರದಲ್ಲ. 1788ರಿಂದ 1791ರವರೆಗೆ ನಡೆದ ದುರಸ್ತಿಯಲ್ಲಿ ಸೇರಿದ್ದು. ಒಳಗಿನ ತಿರುಳು ಮಾತ್ರ ಹಳೆಯದು. ಹೊರಗೋಡೆಯ ಮೇಲೆ ಓರೆಯಾಗಿ ಸುತ್ತಿ ಏರುವ ಒಂದು ಪಟ್ಟಿ ಇದೆ. ರೋಮನ್ನರ ಕಾಲದಲ್ಲಿ ಹೊರಗಿನಿಂದ ಮೇಲೇರಲು ಇದ್ದ ಇಳಿಜಾರು ದಾರಿಯ ನೆನಪಿಗಾಗಿ ದುರಸ್ತಿ ಮಾಡಿದವರು ಅದನ್ನು ಉಳಿಸಿದರು. ಹಳೆಯದನ್ನು ಕೆಡವದೆ, ಅದಕ್ಕೊಂದು ಅಂಗಿ ತೊಡಿಸಿದಂತೆ ಈ ಕೆಲಸ. 2009ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದರ ಬೆಲೆ ತಿಳಿಯಲು ಅಲೆಕ್ಸಾಂಡ್ರಿಯಾದ ದೀಪಸ್ತಂಭವನ್ನು ನೆನೆಯಬೇಕು. ಪ್ರಾಚೀನ ಜಗತ್ತಿನ ಅದ್ಭುತಗಳಲ್ಲಿ ಒಂದಾದ ಅದು ಭೂಕಂಪಗಳಿಂದ ಜರ್ಝರಿತವಾಯಿತು. ಯಾತ್ರಿಕ ಇಬ್ನ್ ಬತೂತಾ 1326ರಲ್ಲಿ ಅದನ್ನು ನೋಡಿದಾಗ ಒಂದು ಮಗ್ಗುಲು ಬಿದ್ದಿತ್ತು. 1349ರಲ್ಲಿ ಮರಳಿ ಬಂದಾಗ ಒಳಗೆ ಕಾಲಿಡಲೂ ಆಗದಷ್ಟು ಹಾಳಾಗಿತ್ತು. ಈ ಎರಡು ಭೇಟಿಗಳ ನಡುವೆಯೇ ಅವರು ನಮ್ಮ ಹೊನ್ನಾವರ, ಮಂಗಳೂರುಗಳಿಗೂ ಬಂದು ಹೋಗಿದ್ದರು ಎಂಬುದು ನಮಗೆ ಹತ್ತಿರದ ಸಂಗತಿ. ಅಲೆಕ್ಸಾಂಡ್ರಿಯಾದ ದೊಡ್ಡ ದೀಪ ಆರಿತು, ಕೊರುನ್ಯಾದ ಚಿಕ್ಕ ದೀಪ ಉಳಿಯಿತು. ಅದು ಉಳಿದದ್ದಕ್ಕೆ ಅದೃಷ್ಟದಷ್ಟೇ ದುರಸ್ತಿಯೂ ಕಾರಣ.

ಯುದ್ಧದ ಗುರುತುಗಳು

ಹಳೆಯ ಊರಿನ ಅಂಚಿನಲ್ಲಿ ಮರಿಯಾ ಪೀಟಾ ಚೌಕವಿದೆ. ಅಲ್ಲಿಯೇ ನಗರಸಭೆಯ ಭವನ, ಎದುರಿಗೆ ಈಟಿ ಹಿಡಿದ ಹೆಣ್ಣಿನ ಪ್ರತಿಮೆ. 1588ರಲ್ಲಿ ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ದಂಡೆತ್ತಿ ಹೋದದ್ದನ್ನು ನೀವು ಓದಿರಬಹುದು. ಬಿರುಗಾಳಿಗೆ ಸಿಕ್ಕಿದ ಆ ಹಡಗುಗಳು ಕೊರುನ್ಯಾದಲ್ಲಿ ತಂಗಿ ಮುಂದೆ ಸಾಗಿದ್ದವು. ಮರುವರ್ಷ, 1589ರಲ್ಲಿ, ಫ್ರಾನ್ಸಿಸ್ ಡ್ರೇಕ್ ಮತ್ತು ಜಾನ್ ನಾರಿಸ್ ಮುಂದಾಳತ್ವದ ಇಂಗ್ಲಿಷ್ ಪಡೆ ಕೊರುನ್ಯಾಕ್ಕೆ ಮುತ್ತಿಗೆ ಹಾಕಿತು. ಗೋಡೆ ಒಡೆದಾಗ ಕಾದಾಡಿದ ಊರಿನ ಜನರಲ್ಲಿ ಮರಿಯಾ ಪೀಟಾ ಎಂಬ ಸಾಮಾನ್ಯ ಹೆಂಗಸಿನ ಹೆಸರು ಉಳಿಯಿತು. ಮುತ್ತಿಗೆ ವಿಫಲವಾಯಿತು. ಬಂದರಿನ ಬಾಯಲ್ಲಿರುವ ಸಾನ್ ಆಂತೋನ್ ಕೋಟೆಯೂ ಆ ಕಾಲದ್ದೇ. ಈಗ ಅದು ಪುರಾತತ್ವ ಸಂಗ್ರಹಾಲಯ.

ಸಾನ್ ಕಾರ್ಲೋಸ್ ಉದ್ಯಾನದಲ್ಲಿ ಒಬ್ಬ ಬ್ರಿಟಿಷ್ ಸೇನಾಪತಿಯ ಸಮಾಧಿಯಿದೆ. 1809ರ ಜನವರಿ 16ರಂದು ನೆಪೋಲಿಯನ್ನನ ಸೈನ್ಯದ ವಿರುದ್ಧ ಹೋರಾಡುತ್ತಾ ಮಡಿದ ಸರ್ ಜಾನ್ ಮೂರ್ ಅಲ್ಲಿ ಮಲಗಿದ್ದಾರೆ. ಒಂದು ಶತಮಾನದಲ್ಲಿ ಶತ್ರುವಾಗಿ ಬಂದವರು ಇನ್ನೊಂದರಲ್ಲಿ ಮಿತ್ರರಾಗಿ ಬಂದರು.

ಗಾಜಿನ ಊರು

ಬಂದರಿನ ಎದುರು ಮರೀನಾ ರಸ್ತೆಯಲ್ಲಿ ಸಾಲಾಗಿ ನಿಂತ ಮನೆಗಳ ಮೈತುಂಬ ಬಿಳಿ ಬಣ್ಣದ ಮರದ ಚೌಕಟ್ಟು ಮತ್ತು ಗಾಜು. ಈ ಕಾರಣಕ್ಕೇ ಕೊರುನ್ಯಾವನ್ನು 'ಗಾಜಿನ ನಗರ' ಎನ್ನುತ್ತಾರೆ. ಇದು ಅಲಂಕಾರಕ್ಕಷ್ಟೇ ಮಾಡಿದ್ದಲ್ಲ. ಗಾಜು ಮುಚ್ಚಿದ ಬಾಲ್ಕನಿ ಅಟ್ಲಾಂಟಿಕ್‌ನ ಗಾಳಿ ಮಳೆಯನ್ನು ತಡೆಯುತ್ತದೆ, ಬಿಸಿಲಿನ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಒಂದು ಸಿದ್ಧ ಉದಾಹರಣೆ.

ಚಿತ್ರಕಾರ ಪಾಬ್ಲೋ ಪಿಕಾಸೊ 1891ರಿಂದ 1895ರವರೆಗೆ, ಬಾಲಕನಾಗಿದ್ದಾಗ, ಈ ಊರಿನಲ್ಲಿದ್ದರು. ಅವರ ತಂದೆ ಇಲ್ಲಿ ಚಿತ್ರಕಲಾ ಅಧ್ಯಾಪಕರು. 1895ರಲ್ಲಿ ಅವರ ಪುಟ್ಟ ತಂಗಿ ಇಲ್ಲಿಯೇ ಗಂಟಲುಮಾರಿ ರೋಗಕ್ಕೆ ಬಲಿಯಾದಳು. ಈ ರೋಗಕ್ಕೆ ಲಸಿಕೆ ಇಲ್ಲದ ಕಾಲದಲ್ಲಿ ಮಕ್ಕಳ ಬದುಕು ಎಷ್ಟು ಅಭದ್ರವಾಗಿತ್ತು ಎಂಬುದನ್ನು ಈ ಸಾವು ಹೇಳುತ್ತದೆ. ಮುಂದಿನ ಸಂಗತಿಯೂ ಅದಕ್ಕೇ ಸಂಬಂಧಿಸಿದ್ದು.

ತೋಳಿನಲ್ಲಿ ಔಷಧ ಹೊತ್ತವರು

1803ರ ನವೆಂಬರ್ 30ರಂದು ಈ ಬಂದರಿನಿಂದ 'ಮರಿಯಾ ಪೀಟಾ' ಎಂಬ ಹಡಗು ಅಮೆರಿಕ ಖಂಡದತ್ತ ಹೊರಟಿತು. ಅದರಲ್ಲಿ ವೈದ್ಯ ಫ್ರಾನ್ಸಿಸ್ಕೊ ಹಾವಿಯೆರ್ ಬಾಲ್ಮಿಸ್, ಅವರ ಸಹಾಯಕರು ಮತ್ತು 22 ಪುಟ್ಟ ಹುಡುಗರಿದ್ದರು. ಅನಾಥಾಲಯದಲ್ಲಿ ಬೆಳೆದ ಮಕ್ಕಳು ಅವರು. ಅವರನ್ನು ನೋಡಿಕೊಳ್ಳಲು ಕೊರುನ್ಯಾ ಅನಾಥಾಲಯದ ಮೇಲ್ವಿಚಾರಕಿ ಇಸಾಬೆಲ್ ಸೆಂದಾಲ್ ಜೊತೆಗೆ ಹೊರಟರು.

ಮಕ್ಕಳು ಏಕೆ ಬೇಕಾಯಿತು? ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ರಸದಿಂದ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿಕೊಟ್ಟಿದ್ದರು. ಆದರೆ ಆಗ ಶೀತಲ ಪೆಟ್ಟಿಗೆಗಳಿರಲಿಲ್ಲ. ಗಾಜಿನ ತುಂಡುಗಳ ನಡುವೆ ಇಟ್ಟ ರಸ ದೂರದ ಪ್ರಯಾಣದಲ್ಲಿ ಕೆಟ್ಟುಹೋಗುತ್ತಿತ್ತು. ಆದ್ದರಿಂದ ಬಾಲ್ಮಿಸ್ ಜೀವಂತ ಸರಪಳಿ ಮಾಡಿದರು. ಇಬ್ಬರು ಮಕ್ಕಳ ತೋಳಿಗೆ ಲಸಿಕೆ ಹಾಕುವುದು. ಒಂಬತ್ತು ಹತ್ತು ದಿನಗಳಲ್ಲಿ ಅಲ್ಲಿ ಏಳುವ ಗುಳ್ಳೆಯ ರಸವನ್ನು ಮುಂದಿನ ಇಬ್ಬರಿಗೆ ಹಾಕುವುದು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಾ ಲಸಿಕೆ ಅಟ್ಲಾಂಟಿಕ್ ದಾಟಿತು. ಪೋರ್ಟೊರಿಕೊ, ವೆನೆಜುವೆಲಾ, ಕ್ಯೂಬಾ, ಮೆಕ್ಸಿಕೊಗಳಲ್ಲಿ ಜನರಿಗೆ ಲಸಿಕೆ ಸಿಕ್ಕಿತು. ಮೆಕ್ಸಿಕೊದಿಂದ ಬೇರೆ ಮಕ್ಕಳೊಂದಿಗೆ ಅದು ಫಿಲಿಪೈನ್ಸ್‌ಗೂ ಹೋಯಿತು.

ಭಾರತಕ್ಕೆ ಲಸಿಕೆ ಬಂದದ್ದೂ ಇದೇ ವಿಧಾನದಲ್ಲಿ, ಅದಕ್ಕಿಂತ ಸ್ವಲ್ಪ ಮುಂಚೆ. ಬಾಗ್ದಾದ್, ಬಸ್ರಾ ಮಾರ್ಗವಾಗಿ ಮುಂಬಯಿಗೆ ಬಂದ ಲಸಿಕೆಯನ್ನು 1802ರ ಜೂನ್ 14ರಂದು ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಹಾಕಲಾಯಿತು. ಅವಳ ತೋಳಿನಿಂದ ಆರಂಭವಾದ ಸರಪಳಿ ದೇಶದ ಬೇರೆ ಊರುಗಳಿಗೆ ಹರಡಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಿತು.

ಆದರೆ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ 22 ಮಕ್ಕಳನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಅನಾಥರಾದ್ದರಿಂದಲೇ ಅವರನ್ನು ಆರಿಸುವುದು ಸುಲಭವಾಯಿತು. ಅವರು ಮೆಕ್ಸಿಕೊದಲ್ಲೇ ಉಳಿದರು. ಲಕ್ಷಾಂತರ ಜನರ ಪ್ರಾಣ ಉಳಿಸಿದ ಕೆಲಸದ ಭಾರವನ್ನು ಹೊತ್ತದ್ದು ಕೇಳುವವರಿಲ್ಲದ ಪುಟ್ಟ ತೋಳುಗಳು. ಕೊರುನ್ಯಾ ಇಂದು ಅವರಿಗೆ ಸ್ಮಾರಕ ನಿಲ್ಲಿಸಿದೆ. ಉಪಕಾರವನ್ನು ನೆನೆಯುವಾಗ ಅದರ ಬೆಲೆ ತೆತ್ತವರನ್ನೂ ನೆನೆಯುವುದು ನ್ಯಾಯ.

ದೀಪದ ಕೆಳಗೆ

ಕೊನೆಯದಾಗಿ ಮತ್ತೆ ಗೋಪುರದ ಬಳಿಗೆ ಬರೋಣ. 1992ರ ಡಿಸೆಂಬರ್ 3ರಂದು 'ಈಜಿಯನ್ ಸೀ' ಎಂಬ ತೈಲ ಹಡಗು ಬಿರುಗಾಳಿಯಲ್ಲಿ ಈ ಗೋಪುರದ ಸಮೀಪದ ಬಂಡೆಗಳಿಗೆ ಬಡಿದು ಒಡೆಯಿತು. ಹೊತ್ತಿ ಉರಿದ ತೈಲದ ಕಪ್ಪು ಹೊಗೆ ಊರನ್ನು ಕವಿಯಿತು. ಮೀನು, ಚಿಪ್ಪುಜೀವಿಗಳನ್ನು ನಂಬಿದ ಕುಟುಂಬಗಳು ಕಷ್ಟಕ್ಕೆ ಸಿಲುಕಿದವು. ದೀಪ ದಾರಿ ತೋರಿಸುತ್ತದೆ. ಆದರೆ ಹಡಗು ನಡೆಸುವವರ ಎಚ್ಚರಕ್ಕೆ, ಕಡಲನ್ನು ಕಾಯುವವರ ಜವಾಬ್ದಾರಿಗೆ ಅದು ಬದಲಿಯಾಗುವುದಿಲ್ಲ. ನಾವು ಕಲಿಯುವ ವಿದ್ಯೆಯೂ ಹಾಗೆಯೇ.

ಯೋಚಿಸಿ, ಬರೆಯಿರಿ

1. ಹಳೆಯ ಕಟ್ಟಡದ ದುರಸ್ತಿ ಮಾಡುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು? ಹರ್ಕ್ಯುಲೀಸ್ ಗೋಪುರದ ಉದಾಹರಣೆಯಿಂದ ವಿವರಿಸಿ.

2. ಇಂದು ಲಸಿಕೆಯನ್ನು ಕೆಡದಂತೆ ಸಾಗಿಸುವುದು ಹೇಗೆ? 1803ರ ವಿಧಾನದೊಂದಿಗೆ ಹೋಲಿಸಿ.

3. ಬಾಲ್ಮಿಸ್ ಮಾಡಿದ್ದು ಸರಿಯೇ? ಎರಡೂ ಬದಿಯ ವಾದಗಳನ್ನು ಬರೆದು, ಕೊನೆಗೆ ನಿಮ್ಮ ಅಭಿಪ್ರಾಯ ತಿಳಿಸಿ.