ಹೈಬ್ರಿಡ್ ಕಾರಿನ ಚಿಕ್ಕ ಬ್ಯಾಟರಿ

ಈ ಸಲ ಗೋಡೆಪತ್ರಿಕೆಗೆ ನಾನು ಬ್ಯಾಟರಿಯ ಬಗ್ಗೆ ಬರೆದಿದ್ದೇನೆ. ಯಾಕೆ ಬರೆದೆ ಅಂತ ಮೊದಲು ಹೇಳುತ್ತೇನೆ.

ಕೊಟ್ಟೂರೇಶ್ವರ ತೇರಿಗೆ ನಮ್ಮ ಮಾಮ ಬೆಂಗಳೂರಿನಿಂದ ಹೈಬ್ರಿಡ್ ಕಾರು ತಂದಿದ್ದರು. ಆಮೇಲೆ ಕಾರನ್ನು ನಮ್ಮ ಮನೆ ಮುಂದೆ ಬಿಟ್ಟು, ಕೀಲಿಯನ್ನು ಚಿಕ್ಕಪ್ಪನಿಗೆ ಕೊಟ್ಟು ಬಸ್ಸಿಗೆ ಹೋದರು. ಕಾರು ಮೂರು ವಾರ ನಿಂತಿತ್ತು. ನಾನು ಮತ್ತು ತಮ್ಮ ಎರಡು ದಿನ ಅದರೊಳಗೆ ಕುಳಿತು ಹಾಡು ಕೇಳಿದೆವು. ಮೂರನೇ ದಿನ ರಾತ್ರಿ ಅಜ್ಜಿಗೆ ಉಸಿರಾಡಲು ಆಗಲಿಲ್ಲ. ಚಿಕ್ಕಪ್ಪ ಓಡಿಹೋಗಿ ಕೀಲಿ ಒತ್ತಿದರೆ ಬಾಗಿಲೇ ತೆರೆಯಲಿಲ್ಲ. ಕೀಲಿಯೊಳಗಿದ್ದ ಕಬ್ಬಿಣದ ಕೀಲಿಯಿಂದ ತೆಗೆದರು. ಗುಂಡಿ ಒತ್ತಿದರು, ದೀಪವೂ ಹತ್ತಲಿಲ್ಲ. ಕೊನೆಗೆ ಪಕ್ಕದ ಮನೆಯವರ ಆಟೋದಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಒಯ್ದರು. ಈಗ ಅಜ್ಜಿ ಆರಾಮ ಇದ್ದಾರೆ. ಆದರೆ ಆ ಅರ್ಧ ಗಂಟೆ ನಾನು ಮರೆಯುವುದಿಲ್ಲ.

ಮರುದಿನ ಮೆಕ್ಯಾನಿಕ್ ಅಣ್ಣ ಬಂದು, "ದೊಡ್ಡ ಬ್ಯಾಟ್ರಿ ಚಲೋ ಐತಿ. ಚಿಕ್ಕದು ಡೌನ್ ಆಗೈತಿ. ಯಾರು ಹಾಡು ಹಾಕಿದ್ರು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ಎಲ್ಲ ತಿಳಿಸಿದರು. ಅದನ್ನೇ ಇಲ್ಲಿ ಬರೆಯುತ್ತೇನೆ.

ಹೈಬ್ರಿಡ್ ಕಾರು ಎಂದರೇನು?

ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಎರಡೂ ಇರುವ ಕಾರು. 1997ರಲ್ಲಿ ಜಪಾನಿನಲ್ಲಿ ಟೊಯೊಟಾ ಪ್ರಿಯಸ್ ಎಂಬ ಹೈಬ್ರಿಡ್ ಕಾರು ಮಾರಾಟಕ್ಕೆ ಬಂತು. ನಮ್ಮ ಕರ್ನಾಟಕದ ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಕಾರು ತಯಾರಾಯಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂತು.

ಇದರಲ್ಲಿ ಎರಡು ಬ್ಯಾಟರಿ ಇರುತ್ತವೆ. ದೊಡ್ಡದು ಕಾರನ್ನು ಓಡಿಸುವ ಮೋಟಾರಿಗೆ. 2003ರ ಪ್ರಿಯಸ್‌ನಲ್ಲಿ 1.2 ವೋಲ್ಟಿನ 168 ಸೆಲ್ಲುಗಳಿದ್ದವು. ಗುಣಿಸಿ ನೋಡಿರಿ, 201.6 ವೋಲ್ಟ್ ಬರುತ್ತದೆ. ಚಿಕ್ಕದು 12 ವೋಲ್ಟಿನದು, ಸಾಮಾನ್ಯವಾಗಿ ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ನಮ್ಮೂರಿನ ಟ್ರ್ಯಾಕ್ಟರುಗಳಲ್ಲಿ ಇರುವ ಜಾತಿಯೇ. ಇಂಥ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದರು.

ಚಿಕ್ಕ ಬ್ಯಾಟರಿಯ ಕೆಲಸವೇನು?

ದೀಪ, ಹಾರನ್, ಬಾಗಿಲಿನ ಲಾಕು, ಕಾರಿನ ಕಂಪ್ಯೂಟರು ಇವೆಲ್ಲ 12 ವೋಲ್ಟಿನಿಂದ ನಡೆಯುತ್ತವೆ. ಇನ್ನೊಂದು ಮುಖ್ಯ ಕೆಲಸವಿದೆ. ಕಾರು ನಿಂತಾಗ ದೊಡ್ಡ ಬ್ಯಾಟರಿಯ ಸಂಪರ್ಕ ತಪ್ಪಿಸಿರುತ್ತಾರೆ, ಇಲ್ಲವಾದರೆ ಅಪಾಯ. ಗುಂಡಿ ಒತ್ತಿದಾಗ ಚಿಕ್ಕ ಬ್ಯಾಟರಿಯ ಕರೆಂಟಿನಿಂದ ರಿಲೇ ಎಂಬ ಸ್ವಿಚ್ಚು ಕೂಡಿಕೊಂಡು ದೊಡ್ಡದನ್ನು ಜೋಡಿಸುತ್ತದೆ.

ಹೊಲದ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ನೋಡಿದ್ದೀರಲ್ಲವೇ? ಅದರೊಳಗೆ ಚಿಕ್ಕ ಕಾಯಿಲು ಇರುತ್ತದೆ. ಅದು ಎಳೆದು ಹಿಡಿದರೆ ಮಾತ್ರ ಮೋಟಾರಿಗೆ ತ್ರೀಫೇಸ್ ಹೋಗುತ್ತದೆ. ಕಾಯಿಲು ಸುಟ್ಟರೆ ಲೈನಿನಲ್ಲಿ ಎಷ್ಟು ಕರೆಂಟು ಇದ್ದರೂ ನೀರು ಬರುವುದಿಲ್ಲ. ಇದೂ ಹಾಗೆಯೇ.

ಅದು ಇಳಿಯುವುದು ಯಾಕೆ?

ಕಾರು ನಿಂತಿದ್ದರೂ ಕಳ್ಳರ ಎಚ್ಚರಿಕೆ ಗಂಟೆ, ಕಂಪ್ಯೂಟರಿನ ನೆನಪು ಸ್ವಲ್ಪ ಸ್ವಲ್ಪ ಕರೆಂಟು ತಿನ್ನುತ್ತಿರುತ್ತವೆ. ಬ್ರೇಕ್ ತುಳಿಯದೆ ಗುಂಡಿ ಒತ್ತಿದರೆ ಹಾಡು ಬರುತ್ತದೆ, ಆದರೆ ಕಾರು 'ರೆಡಿ' ಆಗಿರುವುದಿಲ್ಲ. ಆಗ ಚಿಕ್ಕ ಬ್ಯಾಟರಿ ಖರ್ಚಾಗುತ್ತದೆಯೇ ಹೊರತು ತುಂಬುವುದಿಲ್ಲ. ಬ್ರೇಕ್ ತುಳಿದು ಗುಂಡಿ ಒತ್ತಿ 'ರೆಡಿ' ದೀಪ ಹತ್ತಿದಾಗ ಮಾತ್ರ ದೊಡ್ಡ ಬ್ಯಾಟರಿಯ ಕರೆಂಟು ಒಂದು ಪರಿವರ್ತಕದಲ್ಲಿ ಇಳಿದು ಚಿಕ್ಕದನ್ನು ತುಂಬುತ್ತದೆ. ನಾವು ಮಾಡಿದ ತಪ್ಪು ಇದೇ.

ಆರೈಕೆ ಹೇಗೆ?

1. ಕಾರು ಬಹಳ ದಿನ ನಿಲ್ಲುವುದಾದರೆ ದೊಡ್ಡವರು ವಾರಕ್ಕೊಮ್ಮೆ 'ರೆಡಿ' ಮಾಡಿ ಅರ್ಧ ಗಂಟೆಯಾದರೂ ಇಡಬೇಕು, ಇಲ್ಲವೇ ಓಡಿಸಬೇಕು. ಎಂಜಿನ್ ತಾನೇ ಚಾಲೂ ಆಗಬಹುದು, ಆದ್ದರಿಂದ ಬಯಲಲ್ಲೇ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ವಿಷ.
2. ಒಳಗಿನ ದೀಪ ಆರಿಸಿ, ಬಾಗಿಲು ಸರಿಯಾಗಿ ಹಾಕಿರಿ.
3. ನಮ್ಮ ಕಡೆಯ ಬಿಸಿಲು ಬ್ಯಾಟರಿಯ ಆಯುಷ್ಯ ಕಡಿಮೆ ಮಾಡುತ್ತದೆ. ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿರಿ.
4. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದರೆ ಮೆಕ್ಯಾನಿಕ್ ಕೈಯಿಂದ ಅಡುಗೆ ಸೋಡಾದ ನೀರಿನಲ್ಲಿ ಒರೆಸಿಸಬೇಕು. ಸೋಡಾ ಪ್ರತ್ಯಾಮ್ಲ, ಆಮ್ಲವನ್ನು ತಟಸ್ಥಗೊಳಿಸುತ್ತದೆ. ನಮ್ಮ ವಿಜ್ಞಾನ ಪಾಠದಲ್ಲಿ ಬಂದಿದೆ.
5. ಸೀಲ್ ಮಾಡಿದ ಬ್ಯಾಟರಿಗೆ ನೀರು ಹಾಕಬಾರದು.
6. ಪೂರ್ತಿ ತುಂಬಿದ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಾದರೆ ಚಾರ್ಜ್ ಮುಗಿದಂತೆ.
7. ಬೇರೆ ಬ್ಯಾಟರಿಯಿಂದ ತಂತಿ ಕೊಡುವಾಗ ಅದೂ 12 ವೋಲ್ಟಿನದೇ ಇರಬೇಕು. ದೊಡ್ಡ ಲಾರಿಗಳಲ್ಲಿ 24 ಇರುವುದುಂಟು. ಧನ ಋಣ ಅದಲುಬದಲಾದರೆ ಕಾರಿನ ಉಪಕರಣಗಳು ಸುಟ್ಟುಹೋಗುತ್ತವೆ. ತಿಳಿದವರೇ ಮಾಡಲಿ.
8. ಕಿತ್ತಳೆ ಬಣ್ಣದ ತಂತಿಗಳನ್ನು ಯಾರೂ ಮುಟ್ಟಬಾರದು. ಅವು ದೊಡ್ಡ ಬ್ಯಾಟರಿಯವು, ಪ್ರಾಣಕ್ಕೆ ಅಪಾಯ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಎಷ್ಟೋ ಜನ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಹಬ್ಬಕ್ಕೆ, ಜಾತ್ರೆಗೆ ಇಂಥ ಕಾರುಗಳಲ್ಲಿ ಬರುತ್ತಾರೆ. ನಿಮ್ಮ ಮನೆಗೆ ಬಂದರೆ ಹತ್ತಿ ನೋಡಿರಿ, ಆದರೆ ಕೇಳದೆ ಗುಂಡಿ ಒತ್ತಬೇಡಿರಿ. ರಾತ್ರಿ ಯಾರ ಅಜ್ಜಿಗೆ ಆ ಕಾರು ಬೇಕಾಗುತ್ತದೋ ಯಾರಿಗೆ ಗೊತ್ತು?

ಮಾಮನಿಗೆ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. ಈ ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಯೋಚಿಸಿ ಉತ್ತರಿಸಿ: ಸೀಸದ ಬ್ಯಾಟರಿಯ ಒಂದು ಸೆಲ್ಲು 2 ವೋಲ್ಟ್. ಹಾಗಾದರೆ 12 ವೋಲ್ಟಿಗೆ ಎಷ್ಟು ಸೆಲ್ಲು ಬೇಕು? ಸಾಲಾಗಿ ಜೋಡಿಸಬೇಕೋ, ಸಮಾಂತರವಾಗಿಯೋ?

– ಏಳನೇ ತರಗತಿಯ ವಿದ್ಯಾರ್ಥಿ