ಗಣಕಯಂತ್ರದ ಕೈಮರ

ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಉಬುಂಟು ಲಿನಕ್ಸ್ ಎಂಬ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ಇರಿಸಿಕೊಂಡ ವಿದ್ಯಾರ್ಥಿಗಳು ಹಲವರುಂಟು. ಯಂತ್ರವನ್ನು ಚಾಲನೆಗೊಳಿಸಿದೊಡನೆ ತೆರೆಯ ಮೇಲೊಂದು ಪಟ್ಟಿ ಮೂಡುವುದು, ಬೇಕಾದುದನ್ನು ಆರಿಸಿಕೊಳ್ಳಬಹುದು. ಯಾವುದೋ ಕಾರಣದಿಂದ ವಿಂಡೋಸ್ ಕೆಟ್ಟು, ಅದನ್ನು ಹೊಸದಾಗಿ ಸ್ಥಾಪಿಸಿದಿರೆನ್ನಿ. ಆಮೇಲೆ ನೋಡಿದರೆ ಪಟ್ಟಿಯೇ ಇಲ್ಲ! ಯಂತ್ರವು ನೇರವಾಗಿ ವಿಂಡೋಸಿಗೇ ಹೋಗಿ ನಿಲ್ಲುತ್ತದೆ. ಲಿನಕ್ಸಿನಲ್ಲಿದ್ದ ಪ್ರಯೋಗದ ದಾಖಲೆಗಳೂ ವರದಿಗಳೂ ಅಳಿದುಹೋದುವೆಂದು ಬಗೆದು ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ. ದಾಖಲೆಗಳು ನಿಜವಾಗಿ ಕೈಬಿಟ್ಟುಹೋಗುವುದು ಆ ಗಳಿಗೆಯಲ್ಲಿ. ಅದಕ್ಕೆ ಮುಂಚೆ ಅಲ್ಲ.

ಇದು ಹೇಗೆಂಬುದನ್ನರಿಯಲು ಯಂತ್ರವು ಎಚ್ಚರಗೊಳ್ಳುವ ಕ್ರಮವನ್ನು ವಿಚಾರಿಸೋಣ. ವಿದ್ಯುತ್ತು ಹರಿದ ಕ್ಷಣದಲ್ಲಿ ಅದರ ಮುಖ್ಯ ಸ್ಮೃತಿ ಬರಿದು. ಡಿಸ್ಕಿನಿಂದ ವ್ಯವಸ್ಥೆಯನ್ನು ಓದಿ ತರಲು ಒಂದು ಕ್ರಮವಿಧಿ ಬೇಕು. ಆ ಕ್ರಮವಿಧಿಯನ್ನು ತರುವವರಾರು? ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದು ಮೇಲಕ್ಕೇರುವ ಅಸಾಧ್ಯ ಸಾಹಸವನ್ನು ಸೂಚಿಸುವ ‘ಬೂಟ್‌ಸ್ಟ್ರ್ಯಾಪ್’ ಎಂಬ ಇಂಗ್ಲಿಷ್ ಮಾತೇ ಮೊಟಕಾಗಿ ‘ಬೂಟ್’ ಆಗಿದೆ. ಈ ತೊಡಕನ್ನು ಬಿಡಿಸುವುದು, ಮದರ್‌ಬೋರ್ಡಿನ ಚಿಪ್‌ನಲ್ಲಿ ವಿದ್ಯುತ್ತಿಲ್ಲದೆಯೂ ಉಳಿಯುವಂತೆ ಬರೆದಿಟ್ಟ ಫರ್ಮ್‌ವೇರ್. ಇಡೀ ವ್ಯವಸ್ಥೆಯ ಅರಿವು ಅದಕ್ಕಿಲ್ಲ. ಮುಂದಿನ ಹೆಜ್ಜೆಯನ್ನು ಎಲ್ಲಿಡಬೇಕೆಂಬುದು ಗೊತ್ತಿದ್ದರೆ ಸಾಕು.

ಹಳೆಯ ಬಯೋಸ್ ಯಂತ್ರಗಳಲ್ಲಿ ಆ ಹೆಜ್ಜೆ ಬೀಳುವುದು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಮೇಲೆ. ಇವುಗಳಲ್ಲಿ 446 ಬೈಟುಗಳು ಸೂಚನೆಗಳಿಗೆ. 64 ಬೈಟುಗಳು ನಾಲ್ಕು ವಿಭಾಗಗಳ ವಿವರಕ್ಕೆ, ಒಂದೊಂದಕ್ಕೆ 16ರಂತೆ. ಉಳಿದ 2 ಬರಿಯ ಗುರುತು. ಯುನಿಕೋಡಿನ ಸಾಮಾನ್ಯ ರೀತಿಯಲ್ಲಿ ಬರೆದರೆ 446 ಬೈಟುಗಳಲ್ಲಿ ಕನ್ನಡದ ಎರಡು ಉದ್ದ ವಾಕ್ಯಗಳೂ ಹಿಡಿಸಲಾರವು! ಪಟ್ಟಿಯನ್ನು ತೋರಿಸುವ ‘ಗ್ರಬ್’ ಎಂಬ ಲಿನಕ್ಸಿನ ಕ್ರಮವಿಧಿ ತನ್ನ ಮೊದಲ ತುಣುಕನ್ನು ಇರಿಸಿದ್ದುದು ಈ ಇಕ್ಕಟ್ಟಿನಲ್ಲೇ. ವಿಂಡೋಸ್ ಸ್ಥಾಪನೆಯಾಗುವಾಗ ಯಾರನ್ನೂ ಕೇಳದೆ ಅಲ್ಲಿ ತನ್ನ ಸೂಚನೆಗಳನ್ನು ಬರೆಯುತ್ತದೆ. ಲಿನಕ್ಸಿನ ವಿಭಾಗ ಮಾತ್ರ ಇದ್ದಂತೆಯೇ ಇದೆ. ಕವಲುದಾರಿಯ ಕೈಮರವನ್ನು ಕಿತ್ತು ಬೇರೊಂದನ್ನು ನೆಟ್ಟರೆ ಊರು ಅಳಿಯುವುದಿಲ್ಲವಷ್ಟೆ.

ಈಚಿನ ಯುಇಎಫ್‌ಐ ಯಂತ್ರಗಳ ಏರ್ಪಾಡು ಇನ್ನೂ ಉದಾರವಾದುದು. ಡಿಸ್ಕಿನ ಒಂದು ಸಣ್ಣ ವಿಭಾಗದಲ್ಲಿ ಪ್ರತಿಯೊಂದು ವ್ಯವಸ್ಥೆಗೂ ಬೇರೆಬೇರೆ ಕಡತಕೋಶವುಂಟು. ಯಾವುದು ಮೊದಲು ಎಂಬ ಸರದಿ ಮಾತ್ರ ಮದರ್‌ಬೋರ್ಡಿನ ಸ್ಮೃತಿಯಲ್ಲಿರುತ್ತದೆ. ಹೊಸ ವಿಂಡೋಸ್ ತನ್ನ ಹೆಸರನ್ನು ಆ ಸರದಿಯ ತಲೆಗೆ ಏರಿಸಿಕೊಳ್ಳುತ್ತದೆ. ಆದರೆ ಸ್ಥಾಪನೆಯ ವೇಳೆ ಲಿನಕ್ಸಿನ ವಿಭಾಗವನ್ನೇ ಅಳಿಸಿದ್ದರೆ ಮೇಲಿನ ಸಮಾಧಾನ ಸಲ್ಲದು.

ಇನ್ನು ಪರಿಹಾರ. ಯುಇಎಫ್‌ಐ ಆದರೆ ಯಂತ್ರ ಏಳುವಾಗಲೇ ಎಫ್2 ಅಥವಾ ಡಿಲೀಟ್ ಕೀಲಿಯನ್ನೊತ್ತಿ (ಇದು ತಯಾರಕರನ್ನನುಸರಿಸಿ ಬೇರೆಯಾಗುವುದು) ಸರದಿಯಲ್ಲಿ ‘ಉಬುಂಟು’ವನ್ನು ಮೇಲಕ್ಕೆ ತನ್ನಿ. ಎಷ್ಟೋ ವೇಳೆ ಇಷ್ಟರಿಂದಲೇ ಕೆಲಸ ಮುಗಿಯುತ್ತದೆ. ಆ ಹೆಸರು ಅಲ್ಲಿಲ್ಲದಿದ್ದರೆ, ಅಥವಾ ಯಂತ್ರ ಹಳೆಯದಾದರೆ, ಉಬುಂಟುವಿರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಬೇಕು. ಮೂಲ ಸ್ಥಾಪನೆ ಯುಇಎಫ್‌ಐ ರೀತಿಯದಾಗಿದ್ದರೆ ಪೆನ್‌ಡ್ರೈವೂ ಅದೇ ರೀತಿಯಲ್ಲಿ ಏಳುವುದು ಅವಶ್ಯ. ಅಲ್ಲಿ ‘ಸ್ಥಾಪಿಸು’ ಎಂಬುದನ್ನು ಮುಟ್ಟದೆ ‘ಪ್ರಯತ್ನಿಸಿ ನೋಡು’ ಎಂಬುದನ್ನು ಆರಿಸಿರಿ. ಟರ್ಮಿನಲ್ಲಿನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಎಂಬ ಆದೇಶ ವಿಭಾಗಗಳನ್ನೂ ಅವುಗಳ ಗಾತ್ರಗಳನ್ನೂ ತೋರಿಸುತ್ತದೆ. ಲಿನಕ್ಸಿನದು ಸಾಮಾನ್ಯವಾಗಿ ‘ಎಕ್ಸ್ಟ್4’ ಬಗೆಯದು. ಅದನ್ನು ತೆರೆದು, ಬೇರಾವ ಕೆಲಸಕ್ಕೂ ಮೊದಲು, ನಿಮ್ಮ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಆಮೇಲೆ ‘ಗ್ರಬ್-ಇನ್‌ಸ್ಟಾಲ್’ ಎಂಬ ಆದೇಶದಿಂದ ಕೈಮರವನ್ನು ಮತ್ತೆ ನೆಡಬಹುದು. ಹಳೆಯ ಯಂತ್ರದಲ್ಲಿ ಈ ಆದೇಶಕ್ಕೆ ಕೊಡಬೇಕಾದುದು ಇಡೀ ಡಿಸ್ಕಿನ ಹೆಸರನ್ನು, ವಿಭಾಗದ್ದನ್ನಲ್ಲ: ‘ಎಸ್‌ಡಿಎ’ ಎನ್ನಬೇಕು, ‘ಎಸ್‌ಡಿಎ2’ ಎನ್ನಬಾರದು. ಬಹುಮಂದಿ ಎಡವುವುದು ಇಲ್ಲಿಯೇ. ಯುಇಎಫ್‌ಐ ಯಂತ್ರದಲ್ಲಾದರೋ, ಮೇಲೆ ಹೇಳಿದ ಸಣ್ಣ ವಿಭಾಗವನ್ನೂ ಮೊದಲೇ ಜೋಡಿಸಿಕೊಂಡಿರಬೇಕು.

ಇದಕ್ಕೆ ವಿಪರೀತವಾಗಿ ಲಿನಕ್ಸನ್ನು ಹೊಸದಾಗಿ ಸ್ಥಾಪಿಸಿದಾಗ ವಿಂಡೋಸ್ ಪಟ್ಟಿಯಿಂದ ಮಾಯವಾಗುವುದೂ ಉಂಟು. 2021ರಲ್ಲಿ ಹೊರಬಂದ ಗ್ರಬ್ 2.06ರಿಂದೀಚೆಗೆ, ಇತರ ವ್ಯವಸ್ಥೆಗಳನ್ನು ಹುಡುಕುವ ‘ಓಎಸ್-ಪ್ರೋಬರ್’ ಎಂಬ ಸಹಾಯಕನನ್ನು ಭದ್ರತೆಯ ಕಾರಣದಿಂದ ಸುಮ್ಮನಿರಿಸಲಾಗಿದೆ. ಗ್ರಬ್ಬಿನ ಸಂಯೋಜನಾ ಕಡತದಲ್ಲಿ ಈ ತಡೆಯನ್ನು ತೆಗೆದು ‘ಅಪ್‌ಡೇಟ್-ಗ್ರಬ್’ ಎಂದು ಆದೇಶಿಸಿದರೆ ಅದು ಡಿಸ್ಕನ್ನೆಲ್ಲ ಹುಡುಕಿ ವಿಂಡೋಸಿನ ಹೆಸರನ್ನು ಪಟ್ಟಿಗೆ ಸೇರಿಸುವುದು.