ಮನೆ ಯಾವುದು, ದೊಡ್ಡಿ ಯಾವುದು? ಮಾನವೀಯ ಮ್ಯಾಪಿಂಗ್‌ನ ಮುಂದಿನ ದಾರಿ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಲ್ಯಾಬಲ್ಲಿ ಒಂದು ಮ್ಯಾಪಥಾನ್ ಆಯ್ತು. ನಿಜ ಹೇಳ್ಬೇಕಂದ್ರೆ ನಾನು ಹೋಗಿದ್ದು ಆ್ಯಕ್ಟಿವಿಟಿ ಪಾಯಿಂಟ್ಸ್‌ಗೋಸ್ಕರ. ಟಾಂಜಾನಿಯಾದ ಒಂದು ಹಳ್ಳಿಯ ಸ್ಯಾಟಲೈಟ್ ಚಿತ್ರ ತೆರೆದು, ದುಂಡಗೆ ಕಂಡದ್ದಕ್ಕೆಲ್ಲ ಗೆರೆ ಎಳೆದು "ಕಟ್ಟಡ" ಅಂತ ಗುರುತು ಹಾಕ್ತಾ ಹೋದೆ. ಎರಡು ಗಂಟೆಯಲ್ಲಿ ನೂರಕ್ಕೂ ಹೆಚ್ಚು! ಎರಡು ದಿನ ಬಿಟ್ಟು ನೋಡಿದರೆ ಕೆಲಸ ವಾಪಸ್ ಬಂದಿತ್ತು. ಅವುಗಳಲ್ಲಿ ಎಷ್ಟೋ ಮನೆಗಳೇ ಅಲ್ಲ, ಮುಳ್ಳುಬೇಲಿಯ ದನದ ದೊಡ್ಡಿಗಳು ಅಂತ ಪರಿಶೀಲಿಸಿದವರು ಬರೆದಿದ್ದರು. ಅಜ್ಜಿ ಊರಲ್ಲಿ ದೊಡ್ಡಿ ನೋಡಿಕೊಂಡೇ ಬೆಳೆದವನು ನಾನು. ಆದರೆ ಮೇಲಿನಿಂದ ಯಾವತ್ತೂ ನೋಡಿರಲಿಲ್ಲ.

ಇದರಲ್ಲಿ ಏನು ಮಹಾ ತಪ್ಪು ಅನ್ನಿಸಬಹುದು. ಆದರೆ ಆ ಮ್ಯಾಪ್ ನೋಡಿ ಯಾರೋ ಲಸಿಕೆ ಲೆಕ್ಕ ಹಾಕ್ತಾರೆ ಅಂದುಕೊಳ್ಳಿ. ಮನೆಗೆ ಐದು ಜನ ಅಂದರೆ, ನನ್ನ 40 ಸುಳ್ಳು ಮನೆಗಳು 200 ಇಲ್ಲದ ಜನರನ್ನು ಸೃಷ್ಟಿ ಮಾಡುತ್ತವೆ. ಅಷ್ಟು ಲಸಿಕೆ ತಪ್ಪು ಊರಿಗೆ ಹೋಗುತ್ತೆ.

ಈ ಕೆಲಸದ ಹಿಂದೆ ಇರೋದು ಹ್ಯುಮ್ಯಾನಿಟೇರಿಯನ್ ಓಪನ್‌ಸ್ಟ್ರೀಟ್‌ಮ್ಯಾಪ್ ಟೀಮ್, ಚಿಕ್ಕದಾಗಿ ಹಾಟ್. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಸರಿಯಾದ ಡಿಜಿಟಲ್ ನಕ್ಷೆ ಇರಲಿಲ್ಲ. ಸ್ಯಾಟಲೈಟ್ ಕಂಪನಿಗಳು ಚಿತ್ರಗಳನ್ನು ಬಿಟ್ಟುಕೊಟ್ಟವು. ಬೇರೆ ಬೇರೆ ದೇಶಗಳಲ್ಲಿ ಕೂತ ನೂರಾರು ಜನ ಅದರ ಮೇಲೆ ರಸ್ತೆ, ಕಟ್ಟಡ, ನಿರಾಶ್ರಿತರ ಶಿಬಿರ ಬಿಡಿಸಿದರು. ರಕ್ಷಣಾ ತಂಡದವರು ಅದನ್ನೇ ಜಿಪಿಎಸ್‌ಗೆ ಹಾಕಿಕೊಂಡು ಓಡಾಡಿದರು. ಹಾಟ್ ಒಂದು ಸಂಸ್ಥೆಯಾಗಿ ನೋಂದಣಿ ಆಗಿದ್ದು ಅದೇ ವರ್ಷ.

ಕೆಲಸ ನಡೆಯುವ ರೀತಿ ಸರಳ. ಟಾಸ್ಕಿಂಗ್ ಮ್ಯಾನೇಜರ್ ಅನ್ನೋ ವೆಬ್ ಆ್ಯಪ್ ಒಂದು ಪ್ರದೇಶವನ್ನು ಚೌಕಗಳಾಗಿ ಕತ್ತರಿಸುತ್ತೆ. ನೀವು ಒಂದು ಚೌಕ ಲಾಕ್ ಮಾಡಿದರೆ ಬೇರೆಯವರು ಅದನ್ನು ಮುಟ್ಟೋಕಾಗಲ್ಲ. ಬಿಡಿಸಿ ಮುಗಿಸಿದ ಮೇಲೆ ಇನ್ನೊಬ್ಬರು ಪರಿಶೀಲಿಸ್ತಾರೆ. ಓಎಸ್‌ನಲ್ಲಿ ಮ್ಯೂಟೆಕ್ಸ್ ಓದಿದ್ದೀವಲ್ಲ, ಹೆಚ್ಚುಕಡಿಮೆ ಅದೇ.

ಈಗ ಪ್ರಶ್ನೆ ಏನಂದ್ರೆ, ಇದಕ್ಕೆ ನಾವು ಬೇಕಾ? 2020ರಲ್ಲಿ ಆಡೇಷಿಯಸ್ ಪ್ರಾಜೆಕ್ಟ್‌ನ ದೊಡ್ಡ ನೆರವು ಸಿಕ್ಕಾಗ ಹಾಟ್ ಇಟ್ಟುಕೊಂಡ ಗುರಿ, ಐದು ವರ್ಷದಲ್ಲಿ 94 ದೇಶಗಳಲ್ಲಿ 100 ಕೋಟಿ ಜನ ವಾಸಿಸುವ ಜಾಗವನ್ನು ಮ್ಯಾಪ್ ಮಾಡೋದು. ಅಷ್ಟರಲ್ಲಿ ಮೈಕ್ರೋಸಾಫ್ಟ್ ಮತ್ತು ಗೂಗಲ್, ಮಷೀನ್ ಲರ್ನಿಂಗ್ ಮೂಲಕ ತಲಾ 100 ಕೋಟಿಗೂ ಹೆಚ್ಚು ಕಟ್ಟಡಗಳ ಆಕಾರ ತೆಗೆದು ಎಲ್ಲರಿಗೂ ಹಂಚಿಬಿಟ್ಟವು. ಲ್ಯಾಬಲ್ಲಿ ನಾನು ಎರಡು ಗಂಟೆ ಮಾಡಿದ್ದನ್ನು ಮಾಡೆಲ್ ಕಣ್ಣು ಮಿಟುಕಿಸೋದ್ರಲ್ಲಿ ಮಾಡುತ್ತೆ. ದೊಡ್ಡಿಯನ್ನು ಮನೆ ಅನ್ನೋ ತಪ್ಪನ್ನೂ ಮಾಡಬಲ್ಲದು, ನನ್ನ ಹಾಗೇ.

ಮಾಡೆಲ್ ಮಾಡಲಾಗದ ಕೆಲಸಕ್ಕೆ ಒಳ್ಳೆ ಉದಾಹರಣೆ ದಾರ್ ಎಸ್ ಸಲಾಮ್. ಟಾಂಜಾನಿಯಾದ ಈ ಊರಲ್ಲಿ ಮಳೆ ಬಂದರೆ ತಗ್ಗು ಪ್ರದೇಶದ ಬಡಾವಣೆಗಳಿಗೆ ನೀರು ನುಗ್ಗುತ್ತೆ. 2015ರಿಂದ ರಮಾನಿ ಹುರಿಯಾ ಅನ್ನೋ ಯೋಜನೆಯಲ್ಲಿ ಅಲ್ಲಿನ ಕಾಲೇಜು ಹುಡುಗ ಹುಡುಗಿಯರು, ಬಡಾವಣೆಯ ನಿವಾಸಿಗಳ ಜೊತೆ ಸೇರಿ, ಬೀದಿ ಬೀದಿ ನಡೆದರು. ಚರಂಡಿಗಳನ್ನು ಅಳೆದರು. ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಜನರನ್ನೇ ಕೇಳಿದರು. ಇದು ಯಾವ ಸ್ಯಾಟಲೈಟ್‌ಗೂ ಕಾಣಲ್ಲ. ನೇಪಾಳದಲ್ಲೂ ಅಷ್ಟೇ. 2015ರ ಏಪ್ರಿಲ್ 25ರ ಭೂಕಂಪಕ್ಕೆ ಮೊದಲೇ ಕಠ್ಮಂಡು ಲಿವಿಂಗ್ ಲ್ಯಾಬ್ಸ್‌ನ ಸ್ಥಳೀಯರು ಶಾಲೆ, ಆಸ್ಪತ್ರೆಗಳನ್ನೆಲ್ಲ ಮ್ಯಾಪ್‌ಗೆ ಹಾಕಿದ್ದರು. ಆಮೇಲೆ ಜಗತ್ತಿನಾದ್ಯಂತ ಸಾವಿರಾರು ಜನ ಕೈಜೋಡಿಸಿದಾಗ, ಎಲ್ಲಿ ಏನು ಬೇಕು ಅಂತ ಹೇಳೋಕೆ ಅಲ್ಲಿ ಜನ ಇದ್ದರು.

ಹಾಗಾಗಿ ಹಾಟ್ ಸರಿಯಾದ ಕಡೆಗೇ ತಿರುಗಿದೆ ಅಂತ ನನ್ನ ಅಭಿಪ್ರಾಯ. ನೈರೋಬಿಯಲ್ಲಿ ಒಂದು, ಏಷ್ಯಾ-ಪೆಸಿಫಿಕ್‌ಗೆ ಒಂದು, ಹೀಗೆ ಪ್ರಾದೇಶಿಕ ಕೇಂದ್ರಗಳನ್ನು ಮಾಡಿಕೊಂಡಿದೆ. ಅದರ ಫೇರ್ ಅನ್ನೋ ಎಐ ಉಪಕರಣ ಕೂಡ ಇದೇ ಯೋಚನೆಯಿಂದ ಬಂದದ್ದು: ಸ್ಥಳೀಯರು ಗುರುತಿಸಿದ ಒಂದಿಷ್ಟು ಕಟ್ಟಡಗಳಿಂದ ಆ ಊರಿಗೆ ತಕ್ಕ ಮಾಡೆಲ್ ತರಬೇತಿ ಆಗುತ್ತೆ, ಅದು ತೋರಿಸಿದ್ದನ್ನು ಒಪ್ಪೋದು ಬಿಡೋದು ಮನುಷ್ಯರ ಕೈಯಲ್ಲೇ ಇರುತ್ತೆ. ಆದರೆ ಕೇಂದ್ರ ತೆರೆದರೆ ಸಾಲದು. ಬಿಸಿಲಲ್ಲಿ ನಡೆದು ಚರಂಡಿ ಅಳೆಯುವವರಿಗೆ ಫೋನ್, ಡೇಟಾ, ಬಸ್ ಚಾರ್ಜು ಬೇಕು. ಯಾವ ಊರನ್ನು ಮೊದಲು ಮಾಡಬೇಕು ಅನ್ನೋದನ್ನೂ ಅವರೇ ತೀರ್ಮಾನಿಸಬೇಕು. ಎಸಿ ಲ್ಯಾಬಲ್ಲಿ ಕೂತ ನನಗೆ ಸರ್ಟಿಫಿಕೇಟು, ಅವರಿಗೆ ಬರೀ ಥ್ಯಾಂಕ್ಸು ಅಂದ್ರೆ ನ್ಯಾಯ ಅಲ್ಲ.

ಹಾಗಂತ ಮ್ಯಾಪಥಾನ್ ವೇಸ್ಟ್ ಅಂತ ಹೇಳ್ತಿಲ್ಲ. ಭೂಕಂಪ ಆದ ಮೊದಲ ದಿನಗಳಲ್ಲಿ ದೂರದ ಕೈಗಳು ಬೇಕೇ ಬೇಕು. ಆದರೆ ಉಳಿದ ದಿನಗಳಲ್ಲಿ ನಮ್ಮ ಜಾಗ ಎರಡನೇ ಸಾಲಿನಲ್ಲಿ. ಪರಿಶೀಲನೆ ಕಲಿಯಬಹುದು, ಕೋಡ್ ಬರೆಯಬಹುದು. ಟಾಸ್ಕಿಂಗ್ ಮ್ಯಾನೇಜರ್, ಫೇರ್ ಎರಡರ ಕೋಡೂ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಪೈಥಾನ್, ರಿಯಾಕ್ಟ್ ಗೊತ್ತಿದ್ದವರು ಒಂದು ಸಣ್ಣ ಬಗ್ ಹಿಡಿದು ಶುರುಮಾಡಿ. ಮಿನಿ ಪ್ರಾಜೆಕ್ಟಿಗೆ ಮತ್ತೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡೋದಕ್ಕಿಂತ ಇದು ಎಷ್ಟೋ ವಾಸಿ.

ಇಂಟರ್ನಲ್ಸ್ ಮುಗಿದ ಮೇಲೆ ನಾನು ನನ್ನ ಹಳೇ ಚೌಕ ಮತ್ತೆ ತೆರೆದೆ. ಚಾವಣಿ ಇಲ್ಲದವು, ನಡುವೆ ಬರೀ ಮಣ್ಣು ಕಾಣುವವು, ಪಕ್ಕದಲ್ಲಿ ನೆರಳು ಬೀಳದವು, ಇವನ್ನೆಲ್ಲ ಒಂದೊಂದಾಗಿ ಅಳಿಸಿದೆ. ಏಳೆಂಟು ಮಾತ್ರ ಎಷ್ಟು ಝೂಮ್ ಮಾಡಿದರೂ ಮನೆಯೋ ದೊಡ್ಡಿಯೋ ತಿಳಿಯಲಿಲ್ಲ. ಅವನ್ನು ಹಾಗೇ ಬಿಟ್ಟು, ಅಲ್ಲಿಯವರು ಯಾರಾದರೂ ನೋಡಿ ಹೇಳಿ ಅಂತ ಕಾಮೆಂಟ್ ಹಾಕಿದ್ದೇನೆ.